ರುಚಿ ನೋಡದೆ ಮಾಡಿದ ವೈನು

ಹೋದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಮೈಕ್ರೋಬಯಾಲಜಿ ಓದಿದವರು. ಒಂದು ವೈನರಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಒಳಗೆ ಹೇಗಿರುತ್ತದೆ ಹೇಳಿ ಮೇಡಂ ಎಂದು ಕೇಳಿದರು. ಕಾಫಿ ಕೊಟ್ಟು, ದ್ರಾಕ್ಷಿಯ ವಿಷಯ ಒಂದಷ್ಟು ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಹೇಳಬೇಕಾದ್ದು ಬಾಯಲ್ಲೇ ಉಳಿಯಿತಲ್ಲ ಅನ್ನಿಸಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಶ್ರವಣಬೆಳಗೊಳದ ಜೈನರ ಮನೆಯವಳು. ಮದ್ಯ, ಮಾಂಸ, ಮಧು ಈ ಮೂರನ್ನು ಮುಟ್ಟಬಾರದು ಎನ್ನುವುದು ನಮಗೆ ಅಕ್ಷರ ಕಲಿಯುವ ಮೊದಲೇ ಬರುವ ಪಾಠ. ಅಪ್ಪ ಧರಣೇಂದ್ರಯ್ಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ನಾನು ಕಾಲೇಜಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರೇ. ತೊಂಬತ್ತರ ದಶಕದ ಮೊದಲಲ್ಲಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಅಪ್ಪನನ್ನು ಬಿಟ್ಟು ದೂರ ಹೋಗದೆ ಸಿಕ್ಕಿದ ಕೆಲಸ ಒಂದೇ. ಹಾಸನದಿಂದ ಹೊಳೆನರಸೀಪುರದ ಕಡೆ ಹೋಗುವ ರಸ್ತೆಯಲ್ಲಿದ್ದ ಸಣ್ಣ ವೈನ್ ಕಾರ್ಖಾನೆಯ ಲ್ಯಾಬು.

ಅಲ್ಲಿ ವೈನ್ ಮಾಡುವ ಜವಾಬ್ದಾರಿ ಹೊತ್ತಿದ್ದವರು ವರದರಾಜ ಅಯ್ಯಂಗಾರ್ರು. ಹೊಳೆನರಸೀಪುರದ ಅರ್ಚಕರ ಮನೆತನದವರು. ಸಂದರ್ಶನದ ದಿನ ನನ್ನ ಅಂಕಪಟ್ಟಿಗಳನ್ನು ಪಕ್ಕಕ್ಕಿಟ್ಟು ಕೇಳಿದರು:

"ಬೆಳಗೊಳದ ಕಡೆಯವರು. ಇಲ್ಲಿ ಏನು ಮಾಡ್ತೀವಿ ಅಂತ ಗೊತ್ತು ತಾನೇ?"

"ಗೊತ್ತು ಸಾರ್. ಆದರೆ ನಾನು ಅದನ್ನ ಬಾಯಿಗೆ ಹಾಕಲ್ಲ."

"ನಾನು ಹಾಕ್ಕೋತೀನಿ, ಉಗುಳ್ತೀನಿ. ಮನೆಗೆ ಹೋಗಿ ಸ್ನಾನ ಮಾಡಿ ಅಡುಗೆಮನೆಗೆ ಹೋಗ್ತೀನಿ." ಅವರು ನಕ್ಕರು. "ನಿಮಗೆ ಮೂಗು ಚೆನ್ನಾಗಿದೆಯಾ?"

ನಮ್ಮ ಮನೆಯಲ್ಲಿ ಹಾಲು, ತುಪ್ಪ, ಹಿಟ್ಟು ಯಾವುದನ್ನೂ ಮೂಸಿ ನೋಡದೆ ಒಲೆಯ ಹತ್ತಿರ ತರುತ್ತಿರಲಿಲ್ಲ. ಅದನ್ನೇ ಹೇಳಿದೆ. "ಸಾಕು, ಅರ್ಧ ಕೆಲಸ ಮೂಗಿನದೇ" ಎಂದರು. ಕೊನೆಯವರೆಗೂ ನಾನು ಒಂದು ಹನಿ ವೈನನ್ನೂ ನಾಲಿಗೆಗೆ ಮುಟ್ಟಿಸಲಿಲ್ಲ. ಮೂಸಿ ಹೇಳುತ್ತಿದ್ದೆ. ಅವರು ರುಚಿ ನೋಡಿ ಹೌದು, ಅಲ್ಲ ಎನ್ನುತ್ತಿದ್ದರು.

ಕೆಲಸ ಸೇರಿದ ವಾರ ಅಪ್ಪನಿಗೆ ಎಲ್ಲ ವಿವರಿಸಿ ಹೇಳಿದೆ. ಅವರು ಜಗಲಿಯಲ್ಲಿ ಕೂತು ಸಮಾಧಾನದಿಂದಲೇ ಕೇಳಿಸಿಕೊಂಡರು.

"ಹಣ್ಣಿನ ರಸ ತಾನಾಗೇ ಮದ್ಯ ಆಗುತ್ತಾ?"

"ಇಲ್ಲಪ್ಪ. ಯೀಸ್ಟ್ ಅಂತ ಇರುತ್ತೆ. ಅದು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ."

"ಅದಕ್ಕೆ ಜೀವ ಇದೆಯಾ?"

"ಇದೆ."

"ಕೊನೆಗೆ ಏನಾಗುತ್ತೆ?"

"ಆಲ್ಕೋಹಾಲ್ ಹೆಚ್ಚಾದಾಗ ಅವು ಸಾಯ್ತವೆ. ನಾನು ದಿನಾ ಮೈಕ್ರೋಸ್ಕೋಪಿನಲ್ಲಿ ನೋಡಿ, ಬದುಕಿರೋದು ಎಷ್ಟು, ಸತ್ತಿದ್ದು ಎಷ್ಟು ಅಂತ ಎಣಿಸಬೇಕು."

ಮಾರನೆಯ ದಿನ ಅಪ್ಪ ಚನ್ನರಾಯಪಟ್ಟಣಕ್ಕೆ ಹೋಗಿ ಒಂದು ಸೀಮೆಎಣ್ಣೆ ಸ್ಟೌವ್ ತಂದು ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿಟ್ಟರು.

"ನೀನು ಬಸ್ಸು ಹಿಡಿದು ಬರೋ ಹೊತ್ತಿಗೆ ಸೂರ್ಯ ಮುಳುಗಿರ್ತಾನೆ. ನಾನು ಅಷ್ಟರೊಳಗೆ ಊಟ ಮುಗಿಸಬೇಕು. ನನ್ನದು ನಾನು ಮಾಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ."

ಮಾತು ಸರಿಯಾಗಿಯೇ ಇತ್ತು. ಆದರೆ ಭಾನುವಾರವೂ ಅವರು ನನ್ನ ಅಡುಗೆ ಮುಟ್ಟಲಿಲ್ಲ. ನಾನು ಬಡಿಸಲು ಹೋದರೆ, "ನನ್ನದು ಆಯ್ತು" ಎನ್ನುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ. ಸಿಟ್ಟಿಲ್ಲ, ಬೈಗುಳವಿಲ್ಲ. ನನ್ನ ಹುಟ್ಟುಹಬ್ಬಕ್ಕೆ ಸೀರೆ ತರುತ್ತಿದ್ದರು, ಮಳೆ ಬಂದರೆ ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ಬರುತ್ತಿದ್ದರು. ನನ್ನ ಕೈಯ ಅನ್ನ ಮಾತ್ರ ಬೇಡವಾಗಿತ್ತು. ಕೆಲಸ ಬಿಡು ಎಂದು ಒಂದು ಸಲ ಜಗಳವಾಡಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಹೀಗೇ ವರ್ಷಗಳು ಹೋದವು.

ಆ ನೋವನ್ನು ಮರೆಯಲು ಕೆಲಸದಲ್ಲಿ ಮುಳುಗಿದೆ. ಆಗ ನಮಗೆ ಬರುತ್ತಿದ್ದುದು ಬಹುಪಾಲು ಬೆಂಗಳೂರು ನೀಲಿ ದ್ರಾಕ್ಷಿ. ದೊಡ್ಡಬಳ್ಳಾಪುರದ ಕಡೆಯಿಂದ ಲಾರಿಯಲ್ಲಿ ಬರುತ್ತಿತ್ತು. ಲಾರಿ ಗೇಟಿನ ಹತ್ತಿರ ಇದೆ ಎನ್ನುವಾಗಲೇ ಲ್ಯಾಬಿನೊಳಗೆ ಅದರ ವಾಸನೆ. ಮಕ್ಕಳು ಚೀಪುವ ದ್ರಾಕ್ಷಿ ಪೆಪ್ಪರಮೆಂಟಿನ ಹಾಗೆ, ಸ್ವಲ್ಪ ಗುಲಾಬಿ ಶರಬತ್ತಿನ ಹಾಗೆ. ಸಿಪ್ಪೆ ದಪ್ಪ, ಹುಳಿ ಜಾಸ್ತಿ. ಏನೇ ಮಾಡಿ, ಎಷ್ಟೇ ದಿನ ಇಡಿ, ವೈನಿನಲ್ಲೂ ಆ ವಾಸನೆ ಹೋಗುವುದಿಲ್ಲ. ಸಿಹಿ ವೈನಿಗೆ ಅದು ಒಪ್ಪುತ್ತದೆ. ಸಿಹಿ ಉಳಿಸದ ಒಣ ವೈನ್ ಮಾಡಿದರೆ ಸೆಂಟು ಬಳಿದ ಹುಳಿನೀರು.

ವರದರಾಜರಿಗೆ ಇದರಲ್ಲಿ ತೃಪ್ತಿ ಇರಲಿಲ್ಲ. "ಹಣ್ಣು ಯಾವುದೋ ವೈನು ಅದೇ ಸುಜಾತಾ. ನಾವು ಕೆಡಿಸಬಹುದು, ಇಲ್ಲದ್ದನ್ನ ತಂದು ಸೇರಿಸೋಕಾಗಲ್ಲ" ಎನ್ನುತ್ತಿದ್ದರು. ಕೊನೆಗೆ ಯಜಮಾನರನ್ನು ಒಪ್ಪಿಸಿ ಶಿರಾಜ್ ಎನ್ನುವ ಫ್ರಾನ್ಸಿನ ಕಪ್ಪು ತಳಿಯ ಸಸಿ ತರಿಸಿದರು. ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ ಪುಟ್ಟಮ್ಮ ಎನ್ನುವವರ ಇಳಿಜಾರಿನ ಕಲ್ಲುಮಣ್ಣಿನ ಹೊಲದಲ್ಲಿ ನೆಟ್ಟೆವು. ಪುಟ್ಟಮ್ಮ ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ಇರಲಿಲ್ಲ, ಬೇಸಾಯವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಮೊದಲ ಗೊಂಚಲು ಬಂದಾಗ ಅಂಗೈಯಲ್ಲಿ ಹಿಡಿದು ಬೇಜಾರು ಮಾಡಿಕೊಂಡರು.

"ಇದೇನ್ ಸಾ, ಉದ್ದಿನ ಕಾಳಿನಂಗವೆ? ಸಂತೆಗೆ ತಕಂಡೋದ್ರೆ ಯಾರೂ ತಿರುಗೂ ನೋಡಾಕಿಲ್ಲ."

"ಸಣ್ಣದಿದ್ದಷ್ಟೂ ಒಳ್ಳೇದಮ್ಮ. ರಸಕ್ಕೆ ಬಣ್ಣ ಇಲ್ಲ. ಬಣ್ಣ, ಒಗರು, ವಾಸನೆ ಎಲ್ಲ ಸಿಪ್ಪೇಲಿರೋದು. ಹಣ್ಣು ಚಿಕ್ಕದಾದ್ರೆ ಸಿಪ್ಪೆ ಜಾಸ್ತಿ" ಎಂದರು ವರದರಾಜರು.

ಆ ಮೊದಲ ಬೆಳೆಯನ್ನು ನಾವು ಹಾಳು ಮಾಡಿದೆವು. ಬೆಂಗಳೂರು ನೀಲಿಗೆ ಮಾಡುವ ಹಾಗೇ ಮಾಡಿ, ಬೇಸಿಗೆಯ ಸೆಕೆಯಲ್ಲಿ ಸಿಪ್ಪೆಯ ಜೊತೆ ಬಹಳ ದಿನ ಬಿಟ್ಟೆವು. ಬೀಜದ ಕಹಿ ಇಳಿದು, ಅಳಲೆಕಾಯಿ ಕಚ್ಚಿದ ಹಾಗಾಗಿದೆ ಎಂದು ವರದರಾಜರು ಉಗುಳಿದರು. ಮಾರನೆಯ ವರ್ಷ ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೀರು ಹರಿಸಿ ತಣ್ಣಗಿಟ್ಟೆವು, ಸಿಪ್ಪೆಯನ್ನು ಬೇಗ ತೆಗೆದೆವು. ಹುದುಗು ನಿಂತ ಮೇಲೆ ಒಂದು ಬೆಳಿಗ್ಗೆ ಗ್ಲಾಸಿಗೆ ತೆಗೆದು ಮೂಸಿದರೆ ಮೆಣಸು. ಆಗ ತಾನೇ ಕುಟ್ಟಿದ ಕರಿಮೆಣಸು, ಅದರ ಹಿಂದೆ ನೇರಳೆ ಹಣ್ಣು. ನಾನು ಹೇಳಿದ್ದನ್ನು ಕೇಳಿ ವರದರಾಜರು ಬಾಯಿಗೆ ಹಾಕಿಕೊಂಡರು. ಉಗುಳಲು ಮರೆತರು. ಗಂಟಲಿಗೆ ಇಳಿದದ್ದು ತಿಳಿದು ಮುಖ ಕೆಂಪಾಯಿತು. "ನಮ್ಮಣ್ಣನಿಗೆ ಹೇಳಬೇಡಿ ಸುಜಾತಾ" ಎಂದರು. ಅವರ ಅಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರು. ಈ ಕೆಲಸಕ್ಕೆ ಸೇರಿದ ಮೇಲೆ ವರದರಾಜರು ಗರ್ಭಗುಡಿಯ ಹೊಸಿಲು ದಾಟುವುದನ್ನು ತಾವಾಗಿಯೇ ಬಿಟ್ಟಿದ್ದರು. ಅದನ್ನು ಅವರು ಅಂದೇ ನನಗೆ ಹೇಳಿದ್ದು. ನಾನೂ ನಮ್ಮ ಮನೆಯ ಎರಡು ಒಲೆಯ, ಮಳೆಯಲ್ಲಿ ಅಪ್ಪ ತರುವ ಕೊಡೆಯ ವಿಷಯ ಹೇಳಿದೆ. ಅವರು ಗ್ಲಾಸು ತೊಳೆಯುತ್ತಾ, "ನಿಮ್ಮ ತಂದೆಗೆ ಸಿಟ್ಟಿದ್ದಿದ್ರೆ ಕೊಡೆ ತರ್ತಿರಲಿಲ್ಲ" ಎಂದರು. ನನಗೆ ಸಮಾಧಾನವಾಗಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ಹೊಸ ಮ್ಯಾನೇಜರ್ ಬಂದರು. ವ್ಯಾಪಾರ ಗೊತ್ತಿದ್ದವರು. ಮೆಕ್ಸಿಕೋ ದೇಶದಲ್ಲಿ ಕತ್ತಾಳೆಯಿಂದ ಭಟ್ಟಿ ಇಳಿಸುವ ಮದ್ಯಕ್ಕೆ ದೊಡ್ಡ ಊರುಗಳಲ್ಲಿ ಬೇಡಿಕೆ ಬರುತ್ತಿದೆ, ನಮ್ಮ ಕಡೆ ಬೇಲಿಗೆಲ್ಲ ಅದೇ ಇದೆಯಲ್ಲ, ನಾವೂ ಮಾಡಿ ನೋಡೋಣ ಎಂದರು. ಪ್ರಯೋಗಕ್ಕೆ ಬೇಕಾದ ಅನುಮತಿಯನ್ನೂ ತಂದರು. ಪುಟ್ಟಮ್ಮನ ಹೊಲದ ಸುತ್ತ ಹಳೆಯ ಕತ್ತಾಳೆ ಬೇಲಿ ಇದ್ದುದು ನೆನಪಾಗಿ, ವರದರಾಜರೂ ನಾನೂ ಜೀಪಿನಲ್ಲಿ ಅಲ್ಲಿಗೆ ಹೋದೆವು.

"ನಾರಿಗಾದ್ರೆ ಪಟ್ಟೆ ಕುಯ್ಕೊಂಡ್ ಓಗಿ" ಎಂದರು ಪುಟ್ಟಮ್ಮ.

"ಪಟ್ಟೆ ಬೇಡ ಪುಟ್ಟಮ್ಮ. ಬುಡದ ದಿಂಡು ಬೇಕು. ಗಿಡ ಪೂರ್ತಿ ತೆಗೀಬೇಕು" ಎಂದೆ.

"ಹೂವಿನ ಕಂಬ ಬುಟ್ಟಿರೋದ್ನ ತಕಳಿ ಅಂಗಾರೆ. ಅದು ಎಂಗೂ ಒಣಗೋಯ್ತದೆ."

"ಕಂಬ ಬಿಟ್ರೆ ಸಿಹಿ ಎಲ್ಲ ಹೂವಿಗೆ ಹೋಗಿಬಿಡುತ್ತೆ. ಅದಕ್ಕೆ ಮುಂಚೆನೇ ಕೀಳಬೇಕು."

ಪುಟ್ಟಮ್ಮ ನನ್ನ ಮುಖ ನೋಡಿದರು. "ವರ್ಸಾನುಗಟ್ಲೆ ಕಾಯ್ಕಂಡಿದ್ದು ಒಂದೇ ಸತಿ ಹೂ ಬುಡದು ಕಣವ್ವ ಅದು. ಅದ್ನೂ ಬುಡಾಕಿಲ್ವ ನೀವು?"

ಆದರೂ ಅವರು ಒಪ್ಪಿದರು. ಆಳುಗಳು ಪಟ್ಟೆ ಸವರಿ, ಬುಡ ಅಗೆದು, ದಿಂಡನ್ನು ಉರುಳಿಸಿದರು. ಅದರ ರಸ ತಗುಲಿ ಅವರ ಮೊಣಕೈವರೆಗೆ ತುರಿಕೆ ಎದ್ದಿತ್ತು. ಗುಂಡಿ ತೋಡಿ, ಕಲ್ಲು ಕಾಯಿಸಿ, ದಿಂಡುಗಳನ್ನು ಹೂತು ಬೇಯಿಸಿದೆವು. ಹಸಿಯಾಗಿದ್ದಾಗ ಅದರ ಸಿಹಿ ಹೊರಗೆ ಬರುವುದಿಲ್ಲ. ಬೆಂದ ಮೇಲೆ ತೆಗೆದರೆ ಬೆಲ್ಲದ ಪಾಕದ ವಾಸನೆ, ಸುಟ್ಟ ಗೆಣಸಿನ ವಾಸನೆ, ಜೊತೆಗೆ ಹೊಗೆ. ಹಿಂಡಿ, ಹುದುಗಿಸಿ, ಭಟ್ಟಿ ಇಳಿಸಿದರೂ ಆ ವಾಸನೆ ಉಳಿಯಿತು. ಮೊದಲ ಮಳೆ ಬಿದ್ದ ಮಣ್ಣು, ಹಸಿ ಮೆಣಸು, ಹೊಗೆ. ದ್ರಾಕ್ಷಿಯಲ್ಲಿ ಆ ವರ್ಷದ ಬಿಸಿಲು ಮಳೆ ಇರುತ್ತದೆ. ಕತ್ತಾಳೆಯಲ್ಲಿ ಅದು ಬದುಕಿದ ಅಷ್ಟೂ ವರ್ಷ ಇರುತ್ತದೆ. ದ್ರಾಕ್ಷಿ ಬಳ್ಳಿಯನ್ನು ಸವರಿ ಬಿಟ್ಟರೆ ಮುಂದಿನ ವರ್ಷ ಮತ್ತೆ ಚಿಗುರುತ್ತದೆ. ಕತ್ತಾಳೆ ಒಮ್ಮೆ ಕೊಟ್ಟರೆ ಮುಗಿಯಿತು.

ಪುಟ್ಟಮ್ಮನ ಮಾತು ಮನಸ್ಸಿನಿಂದ ಹೋಗಲಿಲ್ಲ. ಒಂದು ಸಂಜೆ ಅಪ್ಪನ ಪಕ್ಕ ಕೂತು ಎಲ್ಲ ಹೇಳಿದೆ. ಎಷ್ಟೋ ವರ್ಷಗಳ ಮೇಲೆ ಮನೆಯಲ್ಲಿ ಕೆಲಸದ ಮಾತು ಎತ್ತಿದ್ದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ನಾನು ಒಂದು ದಿನ ಬಂದು ನೋಡಬಹುದಾ?" ಎಂದರು.

ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ವಲ್ಲಿ. ಬಸ್ಸಿನಿಂದ ಇಳಿದು ಕಾರ್ಖಾನೆಯ ಗೇಟಿನವರೆಗೆ ನಡೆಯುವಾಗ ಎರಡು ಸಲ ನಿಂತು ಸುಧಾರಿಸಿಕೊಂಡರು. ವಯಸ್ಸಾಯಿತಲ್ಲ ಅಂದುಕೊಂಡೆ. ವರದರಾಜರು, "ಬನ್ನಿ ಮೇಷ್ಟ್ರೇ" ಎಂದು ಕುರ್ಚಿ ಹಾಕಿದರು. ಅಪ್ಪ ಕೂರಲಿಲ್ಲ. "ಇವಳು ಎಣಿಸೋದು ಎಲ್ಲಿ, ಅದನ್ನ ತೋರಿಸಿ" ಎಂದರು.

ಹುದುಗುತ್ತಿದ್ದ ಕತ್ತಾಳೆ ರಸದ ಒಂದು ಹನಿಗೆ ನೀಲಿ ಬಣ್ಣ ಬೆರೆಸಿ ಗಾಜಿನ ಮೇಲಿಟ್ಟೆ. ಬದುಕಿರುವ ಯೀಸ್ಟ್ ಬಣ್ಣ ಹಿಡಿಯುವುದಿಲ್ಲ, ಸತ್ತದ್ದು ನೀಲಿಯಾಗುತ್ತದೆ. ಅಪ್ಪ ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ನೀಲಿ ಇರೋದು?"

"ಸತ್ತಿದ್ದು ಅಪ್ಪ."

"ಇದೊಂದು ಕವಲೊಡೀತಾ ಇದೆ."

"ಅದು ಮರಿ ಹಾಕ್ತಿದೆ."

ಅಪ್ಪ ತಲೆ ಎತ್ತಿದರು. ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಇದನ್ನ ನೀನು ಒಬ್ಬಳೇ ನೋಡ್ತಿದ್ದೆಯಾ ಮಗು?" ಎಂದರು.

ಅವರು ಛೀ ಎನ್ನಬಹುದು, ಸುಮ್ಮನಿರಬಹುದು ಎಂದುಕೊಂಡಿದ್ದೆ. ಇದಕ್ಕೆ ನಾನು ತಯಾರಾಗಿರಲಿಲ್ಲ. ವರದರಾಜರು ಹೊರಗೆ ಹೋದರು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ಆ ಭಾನುವಾರ ಅವರಿಗೆ ಇಷ್ಟವಾದ ಹೆಸರುಬೇಳೆ ಪಾಯಸ ಮಾಡಿದೆ. "ನನ್ನದು ಆಯ್ತಲ್ಲ" ಎಂದರು. ನಾನು ಪಾತ್ರೆಯನ್ನು ಹಾಗೇ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ಅತ್ತೆ.

ಆ ಚಳಿಗಾಲದಲ್ಲಿ ಅಪ್ಪ ಬಸದಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದರು. ಅವರ ಜೊತೆ ದಿನಾ ಬಸದಿಗೆ ಹೋಗುತ್ತಿದ್ದ ಗೆಳೆಯ ನೇಮಿರಾಜಯ್ಯನವರು ಚನ್ನರಾಯಪಟ್ಟಣದ ಆಸ್ಪತ್ರೆಗೆ ಸೇರಿಸಿ, ಕಾರ್ಖಾನೆಗೆ ಫೋನ್ ಮಾಡಿದರು. ನಾನು ಹೋಗುವಷ್ಟರಲ್ಲಿ ಡ್ರಿಪ್ ಹಾಕಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಸ್ವಲ್ಪ ಗದರಿಸಿದ ಹಾಗೇ ಕೇಳಿದರು: "ಮನೇಲಿ ಇವರಿಗೆ ಊಟ ಯಾರು ಹಾಕ್ತಾರಮ್ಮ? ಮೈಯಲ್ಲಿ ಏನೂ ಇಲ್ಲ. ಇದು ಒಂದು ದಿನದ್ದಲ್ಲ."

ನಾನು ಹೊರಗೆ ಬಂದು ನೇಮಿರಾಜಯ್ಯನವರನ್ನು ಕೇಳಿದೆ. ಅವರು ತಲೆ ತಗ್ಗಿಸಿದರು.

"ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ನೀನು ಕೆಲಸಕ್ಕೆ ಸೇರಿದಾಗಿನಿಂದ ಒಪ್ಪತ್ತು ಅವನು. ದಿನಕ್ಕೆ ಒಂದೇ ಊಟ, ಅದರಲ್ಲೂ ಅಷ್ಟಮಿ ಚತುರ್ದಶಿ ಅದೂ ಇಲ್ಲ. ಸಿಹಿ ಬಿಟ್ಟ, ತುಪ್ಪ ಬಿಟ್ಟ. ನೀನು ಬಡಿಸಿದ್ರೆ ಗೊತ್ತಾಗಿಬಿಡುತ್ತೆ ಅಂತ ಬೇರೆ ಒಲೆ ಹಚ್ಚಿದ."

ನನ್ನ ಕೈಯ ಅನ್ನ ಬೇಡ ಎಂದಲ್ಲ, ತಾವು ಉಣ್ಣುವುದು ಎಷ್ಟು ಕಡಿಮೆ ಎನ್ನುವುದು ನನಗೆ ಕಾಣಬಾರದು ಎಂದು ಅವರು ಆ ಒಲೆ ತಂದಿದ್ದರು. ಅದನ್ನು ತಿಳಿಯದೆ ಅಷ್ಟು ವರ್ಷ ನಾನು ಒಳಗೊಳಗೇ ಅವರ ಮೇಲೆ ಮುನಿಸಿಕೊಂಡಿದ್ದೆ.

ಅಪ್ಪ ಎಚ್ಚರವಾಗಿ, ಸ್ವಲ್ಪ ಗಂಜಿ ಕುಡಿದ ಮೇಲೆ ಮಂಚದ ಅಂಚಿನಲ್ಲಿ ಕೂತೆ.

"ಒಬ್ಬರ ಕರ್ಮ ಇನ್ನೊಬ್ಬರು ಹೊರೋಕಾಗಲ್ಲ ಅಂತ ಹೇಳಿಕೊಟ್ಟೋರೇ ನೀವು. ಮತ್ತೆ ಇದೇನಪ್ಪ?"

ನೇಮಿರಾಜಯ್ಯ ಬಾಯಿಬಿಟ್ಟಿದ್ದಾರೆ ಎಂದು ಅವರಿಗೆ ಗೊತ್ತಾಯಿತು.

"ಹೊರೋಕಾಗಲ್ಲ. ಶಾಸ್ತ್ರ ಸರಿಯಾಗೇ ಹೇಳುತ್ತೆ. ನಾನು ನಿನ್ನದನ್ನ ಹೊತ್ತೆ ಅಂತ ಎಲ್ಲಿ ಹೇಳಿದೆ? ನೀನು ಅಲ್ಲಿ ದಿನಾ ಸತ್ತಿದ್ದನ್ನ ಎಣಿಸ್ಕೊಂಡು ಕೂತಿರ್ತೀಯ. ನಾನು ಇಲ್ಲಿ ಹೊಟ್ಟೆತುಂಬ ಉಂಡು ಹೇಗೆ ಕೂರಲಿ? ಜೊತೆಗಿರೋಣ ಅಂತ, ಅಷ್ಟೇ."

"ನಾನು ನಾಳೆನೇ ಕೆಲಸ ಬಿಡ್ತೀನಿ. ನೀವು ಎರಡು ಹೊತ್ತು ಊಟ ಮಾಡಿ."

"ಬಿಡು ಅಂತ ನಾನು ನಿನಗೆ ಒಂದು ದಿನ ಹೇಳಿದ್ನಾ? ನೀನೂ ನನಗೆ ಹೇಳಬೇಡ."

ಅದರ ಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ಮನೆಗೆ ಕರೆತಂದೆ. ರಜೆ ಹಾಕಿದೆ. ಹಗಲು ಹೊತ್ತಿನ ಆ ಒಂದು ಊಟವನ್ನು ನನ್ನ ಕೈಯಿಂದಲೇ ಉಂಡರು. ಒಂದೊಂದು ತುತ್ತಿಗೂ "ಚೆನ್ನಾಗಿದೆ" ಎನ್ನುತ್ತಿದ್ದರು. ಆದರೆ ಮೈ ಆಗಲೇ ಸೋತಿತ್ತು. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ, ನೇಮಿರಾಜಯ್ಯನವರು ಪಕ್ಕದಲ್ಲಿ ಕೂತು ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದಾಗ, ಅಪ್ಪ ಹೋದರು.

ನಾನು ರಜೆಯಲ್ಲಿದ್ದಾಗ ಕಾರ್ಖಾನೆಯಲ್ಲಿ ಕತ್ತಾಳೆಯ ಕೆಲಸವೂ ಕೆಟ್ಟಿತ್ತು. ಮೊದಲ ಸಲ ಚೆನ್ನಾಗಿ ಬಂತೆಂದು ಮ್ಯಾನೇಜರು ಅವಸರ ಮಾಡಿದರು. ವರದರಾಜರು ಬೇಡವೆಂದರೂ ಕೇಳದೆ, ಬೇಲಿಯಲ್ಲಿ ಉಳಿದಿದ್ದ ಎಳೆಯ ಗಿಡಗಳನ್ನೂ ಕೀಳಿಸಿದರು. ಎಳೆಯದರಲ್ಲಿ ಸಿಹಿ ಕೂಡಿರುವುದಿಲ್ಲ. ಬಂದದ್ದು ಹಸಿ ಸೊಪ್ಪು ಅರೆದ ಹಾಗೆ ಘಾಟು, ಗಂಟಲು ಕೆರೆಯುವ ಮದ್ಯ. ಅದನ್ನು ಚೆಲ್ಲಿದರು, ಪ್ರಯೋಗವನ್ನೂ ನಿಲ್ಲಿಸಿದರು. ಬದುಕಿದ್ದರೆ ಇನ್ನೂ ಎಷ್ಟೋ ವರ್ಷ ಬಾಳಬೇಕಿದ್ದ ಗಿಡಗಳು ಯಾರಿಗೂ ಉಪಯೋಗವಾಗದೆ ಹೋದವು. ಪುಟ್ಟಮ್ಮನ ಹೊಲಕ್ಕೆ ಮುಳ್ಳುತಂತಿ ಬಂತು.

ಹುಡುಗಿಯರೇ, ಹಣ್ಣಿನ ಗುಣ, ಗಿಡದ ವಯಸ್ಸು, ಸಿಪ್ಪೆಯ ಲೆಕ್ಕ ಇವನ್ನೆಲ್ಲ ನೀವು ಬೇಗ ಕಲಿಯುತ್ತೀರಿ. ಈಗ ತಣ್ಣಗಿಡುವ ಟ್ಯಾಂಕುಗಳಿವೆ, ಸತ್ತ ಬದುಕಿದ ಲೆಕ್ಕವನ್ನು ಯಂತ್ರವೇ ಹೇಳುತ್ತದೆ. ಈ ಕೆಲಸ ಸರಿಯೋ ತಪ್ಪೋ ಎಂದು ಕೇಳಿದರೆ, ನಿವೃತ್ತಳಾದ ಮೇಲೂ ನನ್ನ ಹತ್ತಿರ ಉತ್ತರವಿಲ್ಲ. ನಾನು ಬಿಡಲಿಲ್ಲ, ಅದಂತೂ ನಿಜ. ಯಾಕೆ ಬಿಡಲಿಲ್ಲ ಎಂದರೆ, ಅಪ್ಪ ಇಲ್ಲದ ಮನೆಯಲ್ಲಿ ಕೂರಲು ಆಗಲಿಲ್ಲ.

ಕರ್ಮಾಂತರಗಳೆಲ್ಲ ಮುಗಿದು ಕಾರ್ಖಾನೆಗೆ ಹೋದ ದಿನ ದ್ರಾಕ್ಷಿ ಸುಗ್ಗಿ ಶುರುವಾಗಿತ್ತು. ವರದರಾಜರು ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. "ಈ ವರ್ಷ ಎಣಿಸೋದು ನನಗಿರಲಿ, ನೀವು ಹಣ್ಣು ನೋಡ್ಕೊಳ್ಳಿ" ಎಂದರು. ಅಂಗಳಕ್ಕೆ ಬಂದೆ. ಪುಟ್ಟಮ್ಮನ ಟ್ರ್ಯಾಕ್ಟರ್ ಬಂದು ನಿಂತಿತ್ತು. ಶಿರಾಜ್ ತುಂಬಿದ ಕ್ರೇಟುಗಳ ಮೇಲೆ ಜೇನುನೊಣಗಳು ಹಾರುತ್ತಿದ್ದವು. ಪುಟ್ಟಮ್ಮ ಇಳಿದು ಬಂದು ನನ್ನ ಎರಡೂ ಕೈ ಹಿಡಿದರು.

"ಅಪ್ಪಾರು ಓದ್ರಂತೆ. ಅಯ್ಯಂಗಾರ್ ಸಾ ಯೋಳುದ್ರು. ಬೆಳಗಿಂದ ಏನಾರ ಹೊಟ್ಟೆಗೆ ಬಿತ್ತಾ?"

ಇಲ್ಲ ಎಂದು ತಲೆಯಾಡಿಸಿದೆ.

"ಅಂಗಂತ ಗೊತ್ತಿತ್ತು ನಂಗೆ." ಸೆರಗಿನ ಮರೆಯಿಂದ ಒಂದು ಗಂಟು ತೆಗೆದು ಕ್ರೇಟಿನ ಮೇಲೆ ಬಿಚ್ಚಿದರು. ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. "ಈರುಳ್ಳಿ ಬೆಳ್ಳುಳ್ಳಿ ಯಾವ್ದೂ ಆಕಿಲ್ಲ ಕಣವ್ವ. ನಿಂಗೇ ಅಂತ ಮಾಡ್ಕಂಡ್ ಬಂದೆ. ಕೂತ್ಕ."

"ನೀವು?"

"ನಾನೂ ಉಂಡಿಲ್ಲ. ನೀನು ತಿಂದ್ರೆ ನಾನು ತಿಂತೀನಿ."

ಬೇವಿನ ಮರದ ನೆರಳಿನಲ್ಲಿ ಕೂತೆವು. ಪುಟ್ಟಮ್ಮ ರೊಟ್ಟಿ ಮುರಿದು ದೊಡ್ಡ ಚೂರನ್ನು ನನ್ನ ಕೈಯಲ್ಲಿಟ್ಟು, ನಾನು ಬಾಯಿಗೆ ಹಾಕುವವರೆಗೂ ಕಾದರು. ಕಣ್ಣೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಗಂಟು ಖಾಲಿಯಾಗುವವರೆಗೆ ಇಬ್ಬರೂ ತಿಂದೆವು. ಆಮೇಲೆ ಕೈ ತೊಳೆದುಕೊಂಡು, ಬಿಸಿಲು ಏರುವ ಮುಂಚೆ ಹಣ್ಣು ಇಳಿಸಲು ಎದ್ದೆವು.